ತಂತಿ ತಾನಾಗಿ ಏರುವುದಿಲ್ಲ

ಆ ಮನೆಯಲ್ಲಿ ಏನೇ ಕೆಟ್ಟರೂ ಕೆಡಿಸಿದವನು ಒಬ್ಬನೇ. ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾದರೆ "ನಾನೇ, ಉರಿ ಸಣ್ಣ ಮಾಡೋದು ಮರೆತೆ" ಅನ್ನುತ್ತಿದ್ದ. ಲೋಟ ಒಡೆದರೆ ನಾನೇ. ಚಿಲಕ ಹಾಕದೆ ಬೆಕ್ಕು ಒಳಗೆ ನುಗ್ಗಿದರೆ ನಾನೇ. ಹಾಲು ಉಕ್ಕಿದ ಹೊತ್ತಿನಲ್ಲಿ ಅವನು ಮೂರು ಬೀದಿ ಆಚೆ ಯಾರದೋ ಜಗಲಿಯಲ್ಲಿ ಕುರ್ಚಿಯೊಂದನ್ನು ತಲೆಕೆಳಗು ಮಾಡಿಕೊಂಡು ಕೂತಿದ್ದ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನಕ್ಕು ಸುಮ್ಮನಾಗುತ್ತಿದ್ದರು.

ಇದು ಅವನು ಮದುವೆಯಾದ ಹೊಸತರಲ್ಲಿ ಕಂಡುಕೊಂಡ ಉಪಾಯ. ಒಂದೇ ಅಡುಗೆಮನೆ, ಅದರಲ್ಲಿ ಅವನ ತಾಯಿ ಮತ್ತು ಅವನ ಹೆಂಡತಿ. ಉಪ್ಪು ಜಾಸ್ತಿ ಹಾಕಿದ್ದು ಯಾರು ಎಂಬುದು ಇತ್ಯರ್ಥವಾಗುವ ಹೊತ್ತಿಗೆ ಅನ್ನ ಆರಿ ಮತ್ತೆ ಅಕ್ಕಿಯಾಗುತ್ತಿತ್ತು. ಉಪ್ಪು ತಾನೇ ಹಾಕಿದ್ದು ಎಂದುಬಿಟ್ಟರೆ ಇಬ್ಬರೂ ಒಂದಾಗಿ ಅವನನ್ನು ಬೈದು, ಆಮೇಲೆ ಎಲ್ಲರೂ ಬಿಸಿಬಿಸಿ ಉಣ್ಣಬಹುದಿತ್ತು. ಮಗಳು ಹುಟ್ಟಿದ ಮೇಲೆ ಅವಳ ತಪ್ಪುಗಳೂ ಅವನ ತಲೆಗೇ ಬಂದವು. ಅವಳು ಲೆಕ್ಕದಲ್ಲಿ ಫೇಲಾದ ವರ್ಷ, ಕೂಡಿಸುವುದಕ್ಕೂ ಬೆರಳು ಮಡಿಸುವ ಈ ಮನುಷ್ಯ ಶಾಲೆಗೆ ಹೋಗಿ "ಮನೇಲಿ ನಾನೇ ತಪ್ಪು ಹೇಳಿಕೊಟ್ಟೆ" ಎಂದು ಹೇಳಿ ಬಂದಿದ್ದ. ಅದನ್ನು ನೆನೆದು ಮನೆಯವರು ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಬೀದಿಯಲ್ಲಿ ಅವನಿಗೆ ಕುರ್ಚಿಯವನು ಎಂದೇ ಹೆಸರು. ಜೋತುಬಿದ್ದ ಕುರ್ಚಿಗಳಿಗೆ ಹೊಸ ಪ್ಲಾಸ್ಟಿಕ್ ವೈರು ಹೆಣೆದು ಕೊಡುವುದು ಅವನ ಕೆಲಸ. ಇಡೀ ಮೈ ಪ್ಲಾಸ್ಟಿಕ್ಕಿನ ಕುರ್ಚಿಗಳು ಬಂದ ಮೇಲೆ ಕೆಲಸ ಅರ್ಧಕ್ಕರ್ಧ ಇಳಿದಿತ್ತು. ಆದರೂ ಲೈಬ್ರರಿಯವರು, ಕ್ಷೌರದಂಗಡಿಯವರು, ಹಳೆಯದನ್ನು ಎಸೆಯಲಾರದ ಒಂದಷ್ಟು ಮುದುಕರು ಅವನನ್ನು ಬಿಟ್ಟಿರಲಿಲ್ಲ. ಅವನು ಹೆಣೆದ ಕುರ್ಚಿ ಜೋಲುವುದಿಲ್ಲ ಎಂಬ ಮಾತಿತ್ತು. ಮೊದಲು ಚೌಕಟ್ಟಿನ ಉದ್ದಕ್ಕೆ ವೈರು ಎಳೆದು ಕಟ್ಟಿ, ಪ್ರತಿ ಎಳೆಯನ್ನೂ ಹೆಬ್ಬೆರಳಿನಿಂದ ಮೀಟಿ ನೋಡುತ್ತಿದ್ದ. ಒಂದು ಎಳೆ ಸಡಿಲವೆನಿಸಿದರೂ ಬಿಚ್ಚಿ ಮತ್ತೆ ಎಳೆಯುತ್ತಿದ್ದ. ಎಲ್ಲ ಎಳೆಗಳೂ ಬೆರಳಿಗೆ ಒಂದೇ ಬಿಗಿಯಾಗಿ ಸಿಗಬೇಕು, ಆಮೇಲೆಯೇ ಅಡ್ಡ ಹೆಣಿಗೆ. ಲೋಕದಲ್ಲಿ ಅವನು ಸಹಿಸದೆ ಇದ್ದದ್ದು ಸಡಿಲ ಒಂದನ್ನೇ. ಮನೆಯ ನಲ್ಲಿ, ಬಾಣಲೆಯ ಹಿಡಿ, ಕಿಟಕಿಯ ಕೊಂಡಿ ಇವನ್ನೆಲ್ಲ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಯಾರಿಗೂ ಹೇಳದೆ, ಒಂದೊಂದಾಗಿ ಬಿಗಿ ಮಾಡಿಡುತ್ತಿದ್ದ.

ಗಿಟಾರಿನ ಮಾತು ಎದ್ದದ್ದು ಊಟದ ಹೊತ್ತಿನಲ್ಲಿ.

"ಸಂಗೀತದ ಮಿಸ್ ಗಿಟಾರಿಗೆ ನನ್ನನ್ನೂ ನನ್ನ ಕ್ಲಾಸಿನ ಇನ್ನೊಬ್ಬಳನ್ನೂ ಆರಿಸಿದ್ದಾರೆ," ಎಂದಳು ಮಗಳು. "ಶಾಲೆ ತಂಡದಲ್ಲಿ ಇರೋದು ಒಂದೇ ಜಾಗ. ಪರೀಕ್ಷೆ ಮುಗಿದ ಮೇಲೆ ಯಾರು ಚೆನ್ನಾಗಿ ನುಡಿಸ್ತಾರೋ ಅವರಿಗೆ. ಅವಳ ಹತ್ರ ಸ್ವಂತದ್ದಿದೆ. ನಾನು ಶಾಲೇದನ್ನೇ ನುಡಿಸಬೇಕು, ಅದನ್ನ ಮನೆಗೆ ಕೊಡಲ್ಲ."

"ಅಂದ್ರೆ ನಾವೊಂದು ಕೊಳ್ಳಬೇಕು ಅಂತಾಯ್ತು," ಎಂದಳು ಹೆಂಡತಿ. ಅವಳು ಒಂದು ಲಾಂಡ್ರಿಯಲ್ಲಿ ಹಗಲೆಲ್ಲ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಬರುತ್ತಿದ್ದಳು. ಸಂಜೆಯ ಹೊತ್ತಿಗೆ ಸೌಟು ಎತ್ತುವುದಕ್ಕೂ ತೋಳು ಒಪ್ಪುತ್ತಿರಲಿಲ್ಲ.

"ಸಣ್ಣದು ಸಾಕಮ್ಮ. ಹಳೇದಾದ್ರೂ ಆಗತ್ತೆ."

"ಹಳೇದಕ್ಕೇನು ಒಣಗಿದ ಎಲೆ ತಗೊಂಡು ಕೊಡ್ತಾರಾ? ಅದಕ್ಕೂ ದುಡ್ಡೇ ಅಲ್ವಾ?"

ಅಜ್ಜಿ ಬ್ರೆಡ್ಡಿನ ಚೂರನ್ನು ಹಾಲಿನಲ್ಲಿ ಅದ್ದಿ, ಅದು ಮೆತ್ತಗಾಗುವುದನ್ನೇ ಕಾಯುತ್ತಿದ್ದಳು. ಬಾಯಲ್ಲಿ ಹಲ್ಲೆಂದು ಹೇಳುವಂಥದ್ದು ಏನೂ ಉಳಿದಿರಲಿಲ್ಲ. "ಡಬ್ಬೀಲಿ ಇದೆಯಲ್ಲ," ಎಂದಳು.

"ಅದು ನಿಮ್ಮ ಹಲ್ಲಿನ ದುಡ್ಡು, ಅತ್ತೆ."

"ನನ್ನ ಹಲ್ಲಿಂದು ಅಂದ್ಮೇಲೆ ನಂದೇ ತಾನೇ? ನಾನು ಕೊಟ್ಟೆ, ಮುಗೀತು."

"ಎಲ್ಲಿ ಮುಗೀತು? ನಿಮಗೆ ಅಂತ ಬೇರೆ ಪಾತ್ರೆ, ನಮಗೆ ಅಂತ ಬೇರೆ ಪಾತ್ರೆ ಬೇಯಿಸೋಳು ನಾನು. ನಿಮಗೆ ಹಲ್ಲು ಬಂದ ದಿನ ನನಗೊಂದು ಪಾತ್ರೆ ತೊಳೆಯೋದು ಉಳಿಯುತ್ತೆ ಅಂತ ಕಾಯ್ತಿದ್ದೀನಿ."

"ಈ ವಯಸ್ಸಿಗೆ ಹಲ್ಲು ಕಟ್ಟಿಸಿಕೊಂಡು ನಾನೇನು ಕಬ್ಬಿಣದ ಕಡಲೆ ಅಗೀಬೇಕೇನೇ? ನನ್ನ ಪಾತ್ರೆ ನಾನೇ ತೊಳ್ಕೋತೀನಿ ಬಿಡು."

ಮಾತು ಬಿಸಿಯೇರುವುದನ್ನು ಕಂಡು ಕುರ್ಚಿಯವನು ಎಂದಿನಂತೆ ನಡುವೆ ಬಂದ. "ತಪ್ಪು ನಂದೇ. ನಾನೇ ಇವಳಿಗೆ ಗಿಟಾರಿನ ಆಸೆ ಹಚ್ಚಿದ್ದು."

ಹೆಂಡತಿ ಸೌಟು ಕೆಳಗಿಟ್ಟಳು. "ಹೌದೇನ್ರೀ? ಅದಕ್ಕೆ ತಂತಿ ಎಷ್ಟು ಹೇಳಿ ನೋಡೋಣ."

ಅವನು ಸ್ವಲ್ಪ ಯೋಚಿಸಿ, "ನಾಲ್ಕು," ಎಂದ.

ಮೂವರೂ ಒಟ್ಟಿಗೆ ನಕ್ಕರು. ಅಜ್ಜಿಯ ಬಾಯಿಯ ಬ್ರೆಡ್ಡು ಗಂಟಲಿಗೆ ಸಿಕ್ಕಿ, ಹೆಂಡತಿ ಎದ್ದು ಅವಳ ಬೆನ್ನು ತಟ್ಟಬೇಕಾಯಿತು. ತಟ್ಟುತ್ತ ತಟ್ಟುತ್ತಲೇ, "ಆಯ್ತು, ಡಬ್ಬಿ ತೆಗೀರಿ," ಎಂದಳು. ಮಗಳ ಮುಖ ಅರಳಿದ್ದನ್ನು ನೋಡಿ ಕುರ್ಚಿಯವನಿಗೆ ತನ್ನ ಉಪಾಯದ ಬಗ್ಗೆ ಹೆಮ್ಮೆಯೆನಿಸಿತು.

ಡಬ್ಬಿಯಲ್ಲಿದ್ದದ್ದು ದೊಡ್ಡ ಅಂಗಡಿಯ ಹೊಸ್ತಿಲಿಗೂ ಸಾಲುತ್ತಿರಲಿಲ್ಲ. ಅಪ್ಪ ಮಗಳು ಅಲ್ಲಿ ಗಾಜಿನ ಹೊರಗೆ ನಿಂತು ನೋಡಿ, ಒಂದು ಮಹಡಿ ಮೆಟ್ಟಿಲಿನ ಕೆಳಗಿನ ಇಕ್ಕಟ್ಟಾದ ಅಂಗಡಿಗೆ ಬಂದರು. ಹಳೆಯ ವಾದ್ಯಗಳನ್ನು ರಿಪೇರಿ ಮಾಡಿ ಮಾರುವವನೊಬ್ಬ ಅಲ್ಲಿ ಕೂತಿದ್ದ. ಅವರ ದುಡ್ಡಿಗೆ ಸಿಗುವಂಥವು ಎರಡೇ ಎಂದು ಎರಡನ್ನು ಇಳಿಸಿ ಮುಂದಿಟ್ಟ. ಒಂದು ಕಪ್ಪಗೆ ಮಿರಮಿರ ಮಿಂಚುವ ಭಾರದ ಗಿಟಾರ್, ಉಕ್ಕಿನ ತಂತಿಯದು. ಇನ್ನೊಂದು ಬಣ್ಣ ಮಾಸಿದ ಕಂದು ಗಿಟಾರ್, ನೈಲಾನ್ ತಂತಿಯದು, ಎತ್ತಿದರೆ ಕೈಗೆ ತೂಕವೇ ಹತ್ತುತ್ತಿರಲಿಲ್ಲ.

ಕುರ್ಚಿಯವನು ಕಪ್ಪನ್ನು ಕೈಗೆತ್ತಿಕೊಂಡು ತಟ್ಟಿ ನೋಡಿದ, ತಂತಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಅದು ಬೆರಳನ್ನೇ ವಾಪಸ್ಸು ತಳ್ಳಿತು. ಅವನಿಗೆ ಬಹಳ ಹಿಡಿಸಿತು. "ಇದು ಗಟ್ಟಿ ಮಾಲು," ಎಂದ.

ಮಗಳು ಆಗಲೇ ಕಂದು ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. "ಅಪ್ಪ, ಮಿಸ್ ಹೇಳಿಕೊಟ್ಟು ಕಳಿಸಿದ್ದಾರೆ. ಹಗುರ ಇರಬೇಕು, ತಂತಿ ಕತ್ತಿನ ಹಲಗೆಗೆ ಹತ್ತಿರ ಇರಬೇಕು, ಒತ್ತಿದ್ರೆ ಬೆರಳು ನೋಯಬಾರದು. ಇದು ಹಾಗೇ ಇದೆ." ಅವಳು ಮೆಲ್ಲಗೆ ನಾಲ್ಕು ಸ್ವರ ನುಡಿಸಿದಳು. ಅಂಗಡಿಯವನು ಮಾಡುತ್ತಿದ್ದ ಕೆಲಸ ನಿಲ್ಲಿಸಿ ಅವಳ ಕಡೆ ನೋಡಿ, "ಮಗುವಿಗೆ ಒಳ್ಳೇ ಕಿವಿ ಇದೆ," ಎಂದ.

ಅಪ್ಪನೂ ಆ ಕಂದು ಗಿಟಾರಿನ ತಂತಿ ಒತ್ತಿ ನೋಡಿದ. ಹೆಬ್ಬೆರಳಿಗೆ ಅದು ಬಾಳೆನಾರಿನಂತೆ ಬಗ್ಗಿತು. ಇದು ಸಡಿಲ ಎಂದು ಬಾಯಿಗೆ ಬಂದದ್ದನ್ನು ಮಗಳ ಮುಖ ನೋಡಿ ನುಂಗಿಕೊಂಡ. ಅಂಗಡಿಯವನು ಹೊಸ ತಂತಿ ಹಾಕಿ, "ಹೊಸದು, ಕೆಲವು ದಿನ ಇಳೀತಾ ಇರುತ್ತೆ, ಗಾಬರಿ ಆಗಬೇಡಿ," ಎಂದು ಹೇಳಿ ಕೊಟ್ಟ. ಆ ಮಾತಂತೂ ಕುರ್ಚಿಯವನ ಸಂಶಯವನ್ನು ಗಟ್ಟಿ ಮಾಡಿತು. ಇಳಿಯುತ್ತದೆ ಎಂದು ಮೊದಲೇ ಹೇಳಿ ಮಾರುವ ಮಾಲು ಎಂಥ ಮಾಲು? ಅಮ್ಮನ ಹಲ್ಲು ಕೊಟ್ಟು ಸಡಿಲ ಸಾಮಾನು ಕೊಂಡೆನಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ. ಮಗಳು ಮಾತ್ರ ಗಿಟಾರನ್ನು ತಬ್ಬಿಕೊಂಡು ಎದುರು ಬಂದವರಿಗೆಲ್ಲ ದಾರಿ ಬಿಡುತ್ತ ನಡೆದಳು.

ಅಂದಿನಿಂದ ಸಂಜೆಯ ಊಟ ಒಂದಿಷ್ಟು ತಡವಾಗತೊಡಗಿತು. ಮಿಸ್ ಅವಳಿಗೆ ಕವಲೊಡೆದ ಉಕ್ಕಿನ ಕಡ್ಡಿಯೊಂದನ್ನು ಕೊಟ್ಟಿದ್ದರು. ಅದನ್ನು ಮೊಣಕಾಲಿಗೆ ಬಡಿದು ಕಿವಿಯ ಹತ್ತಿರ ಹಿಡಿದರೆ ಒಂದೇ ಒಂದು ಸ್ವರ ಕೇಳುತ್ತದೆ. ಆ ಸ್ವರಕ್ಕೆ ಒಂದು ತಂತಿಯ ಶ್ರುತಿ ಕೂಡಿಸಿಕೊಂಡು, ಅದರಿಂದ ಮಿಕ್ಕ ತಂತಿಗಳನ್ನು ಕಿವಿಯಿಂದಲೇ ಕೂಡಿಸಬೇಕು. ಮೊಬೈಲು ನೋಡಿ ಶ್ರುತಿ ಮಾಡುವವರಿಗೆ ತನ್ನ ತಂಡದಲ್ಲಿ ಜಾಗವಿಲ್ಲ ಎಂದು ಮಿಸ್ ಮೊದಲ ದಿನವೇ ಹೇಳಿದ್ದರಂತೆ. ಹುಡುಗಿ ಕಣ್ಣು ಮುಚ್ಚಿಕೊಂಡು, ತಂತಿ ಬಿಗಿಯುವ ಬಿರಡೆಗಳನ್ನು ಕೂದಲೆಳೆಯಷ್ಟೇ ತಿರುಗಿಸುತ್ತ, ಅಜ್ಜಿ ಕೆಮ್ಮಿದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಅಜ್ಜಿ ಕೆಮ್ಮು ಬಂದರೆ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡುವುದನ್ನು ಕಲಿತಳು.

ಬೆಳಗ್ಗೆ ನೀರು ಹಿಡಿಯಲು ಎದ್ದಾಗ ಕುರ್ಚಿಯವನು ಗಿಟಾರಿನ ಮುಂದೆ ಕೂತು ಹೆಬ್ಬೆರಳಿನಿಂದ ತಂತಿ ಒತ್ತಿ ನೋಡುತ್ತಿದ್ದ. ಸಡಿಲ! ನಿನ್ನೆಗಿಂತ ಸಡಿಲ! ಪಾಪ, ಮಗುವಿನ ಸಣ್ಣ ಕೈ, ಬಿಗಿ ಹಿಡಿಯುವ ಶಕ್ತಿ ಎಲ್ಲಿಂದ ಬರಬೇಕು? ಒಂದೊಂದೇ ಬಿರಡೆ ತಿರುಗಿಸಿ, ಆರೂ ತಂತಿಗಳು ಬೆರಳಿಗೆ ಒಂದೇ ಸಮನಾಗಿ ಸಿಗುವ ಹಾಗೆ, ಸದ್ದಾಗದಂತೆ ಅಂಗೈ ಅಡ್ಡ ಇಟ್ಟು ಬಿಗಿದಿಡುತ್ತಿದ್ದ. ಅವಳಿಗೆ ಹೇಳಲಿಲ್ಲ. ಹೇಳಿದರೆ ನಿನ್ನ ಕೈಲಾಗುವುದಿಲ್ಲ ಎಂದಂತಾಗುತ್ತದೆ, ಮಗು ನೊಂದುಕೊಳ್ಳುತ್ತದೆ ಎಂದುಕೊಂಡ. ನಲ್ಲಿ ಬಿಗಿದದ್ದನ್ನು ಯಾವತ್ತಾದರೂ ಹೇಳಿದ್ದನೇ?

ಸಂಜೆ ಅವಳು ಮುಖ ಸಿಂಡರಿಸಿಕೊಂಡು ಬಿರಡೆಗಳನ್ನು ಹಿಂದಕ್ಕೆ ತಿರುಗಿಸುತ್ತಿದ್ದಳು. ಬೆಳಗ್ಗೆ ಅವನು ಮುಂದಕ್ಕೆ ತಿರುಗಿಸುತ್ತಿದ್ದ.

ಒಮ್ಮೆ ಅವಳು ಊಟದ ನಡುವೆ, "ನನ್ನ ಗಿಟಾರ್ ಯಾರು ಮುಟ್ಟಿದ್ದು?" ಎಂದು ಕೇಳಿದಳು.

"ನಾನೇ," ಎಂದ ಅವನು.

"ಅಯ್ಯೋ ನೀನು ಸುಮ್ನಿರಪ್ಪ. ಅಜ್ಜಿ, ಕಸ ಗುಡಿಸುವಾಗ ನೀನು ಆ ಮೂಲೆಯಿಂದ ಈ ಮೂಲೆಗೆ ಇಟ್ಯಾ?"

"ಇಟ್ಟೆ ಕಣೇ, ಹೂವಿನ ಹಾಗೆ ಎತ್ತಿಟ್ಟೆ."

"ಇನ್ಮೇಲೆ ಮುಟ್ಟಬೇಡ."

"ನಾಳೆಯಿಂದ ಆ ಮೂಲೆ ಗುಡಿಸಲ್ಲ, ಕಸ ಅಲ್ಲೇ ಸಂಸಾರ ಮಾಡ್ಕೊಂಡಿರಲಿ," ಎಂದಳು ಅಜ್ಜಿ. ಮಾತು ಕಸದ ಮೇಲೆ ಹೋಗಿ, ಅಲ್ಲಿಂದ ಪೊರಕೆ ಕೊಳ್ಳುವುದರ ಮೇಲೆ ಹೋಗಿ, ಅಲ್ಲೇ ಮುಗಿಯಿತು.

ಶನಿವಾರಗಳಂದು ಅವಳು ಗಿಟಾರ್ ತೆಗೆದುಕೊಂಡು ಅಭ್ಯಾಸಕ್ಕೆ ಹೋಗುತ್ತಿದ್ದಳು. ಮೊದಲ ಶನಿವಾರ ಹಾರುತ್ತ ಹೋದವಳು ಕಾಲೆಳೆಯುತ್ತ ಬಂದಳು. ಯಾಕೆ ಎಂದರೆ, ಗಿಟಾರ್ ಸರಿಯಾಗಿ ನುಡೀತಿಲ್ಲ ಎಂದಳು. ಸಡಿಲ ಮಾಲು ಸರಿಯಾಗಿ ನುಡಿಯುವುದಾದರೂ ಹೇಗೆ ಎಂದು ಕುರ್ಚಿಯವನು ಮನಸ್ಸಿನಲ್ಲೇ ಅಂಗಡಿಯವನಿಗೆ ಶಾಪ ಹಾಕಿ, ಮರುದಿನದಿಂದ ಇನ್ನೊಂದು ಸುತ್ತು ಹೆಚ್ಚು ಬಿಗಿಯತೊಡಗಿದ. ಮುಂದಿನ ಶನಿವಾರ ಅವಳು ಬಂದವಳೇ ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದಳು.

"ಏನಾಯ್ತೇ?" ಎಂದು ಹೆಂಡತಿ ಅವಳನ್ನು ಅಲುಗಿಸಿದಳು.

"ನನ್ನ ಕಿವಿ ಸರಿ ಇಲ್ಲವಂತೆ."

"ಯಾರು ಹೇಳಿದ್ದು?"

"ಯಾರೂ ಹೇಳಬೇಕಾಗಿಲ್ಲ. ಹಿಂದಿನ ಸಂಜೆಯೇ ಕೂಡಿಸಿಟ್ಟಿರ್ತೀನಿ, ಆದ್ರೂ ಎಲ್ಲರ ಜೊತೆ ನುಡಿಸಿದ್ರೆ ನಂದೊಂದೇ ಬೇರೆ ಎಲ್ಲೋ ಹೋಗುತ್ತೆ. ಅವರೆಲ್ಲ ಮುಖ ಮುಖ ನೋಡ್ಕೊಂಡು ನಗ್ತಾರೆ."

ಹೆಂಡತಿ ಮಗಳ ಕಿವಿಯನ್ನು ಎಳೆದು ಬೆಳಕಿಗೆ ಹಿಡಿದು ನೋಡಿ, ಗುಗ್ಗೆ ಇರಬೇಕು ಎಂದಳು. ಅಜ್ಜಿ ಎಣ್ಣೆ ಬೆಚ್ಚಗೆ ಮಾಡಿ ತಂದು ಎರಡು ಕಿವಿಗೂ ಬಿಟ್ಟು, "ತೊಟ್ಟಿಲಲ್ಲಿದ್ದಾಗ ಪಕ್ಕದ ಮನೆಯವರ ಚಮಚ ಬಿದ್ದರೂ ತಿರುಗಿ ನೋಡೋಳು, ಇವಳ ಕಿವಿಗೇನು ಬಂತು ಕೇಡು?" ಎಂದು ಯಾರನ್ನೋ ಜಗಳಕ್ಕೆ ಕರೆಯುವವಳಂತೆ ಕೇಳಿದಳು. ಹುಡುಗಿ ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದ್ದಳು. ಕುರ್ಚಿಯವನಿಗೆ ಏನು ಮಾಡುವುದೋ ತಿಳಿಯಲಿಲ್ಲ. ಜಗಳವಾಗಿದ್ದರೆ ನಾನೇ ಅನ್ನಬಹುದಿತ್ತು. ಮಗಳ ಕಿವಿ ಸರಿಯಿಲ್ಲ ಎಂಬುದಕ್ಕೆ ನಾನೇ ಎಂದು ಯಾರಿಗೆ ಹೇಳುವುದು?

ಅವನ ಕೈಲಾದದ್ದು ಒಂದೇ ಇತ್ತು, ಅದನ್ನು ಮಾಡಿದ. ಆಯ್ಕೆಯ ದಿನ ಬೆಳಗ್ಗೆ ಬೇಗ ಎದ್ದು, ಬಿರಡೆ ಜಾರದಂತೆ ಒದ್ದೆ ಬಟ್ಟೆ ಸುತ್ತಿ, ಲೈಬ್ರರಿಯ ಕುರ್ಚಿಗಳಿಗೂ ಹಾಕದಷ್ಟು ಬಲ ಹಾಕಿ ಆರೂ ತಂತಿಗಳನ್ನು ಎಳೆದ. ಕೊನೆಗೆ ಬೆರಳಿಟ್ಟರೆ ತಂತಿ ಬೆರಳನ್ನು ವಾಪಸ್ಸು ತಳ್ಳಿತು, ಆ ಕಪ್ಪು ಗಿಟಾರಿನದು ತಳ್ಳಿದ್ದ ಹಾಗೆಯೇ. ಈಗ ಯಾರು ನಗುತ್ತಾರೋ ನೋಡೋಣ ಎಂದುಕೊಂಡು ಬಟ್ಟೆಯ ಚೀಲದಲ್ಲಿಟ್ಟು ದಾರ ಕಟ್ಟಿದ. ಮಗಳು ಎದ್ದು, ಟೀ ಜೊತೆ ಎರಡು ಚೂರು ಬ್ರೆಡ್ಡನ್ನು ಬಲವಂತಕ್ಕೆ ನುಂಗಿ, ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಟಳು.

"ಹೆದರಬೇಡ, ಇವತ್ತು ಚೆನ್ನಾಗಿ ನುಡಿಯುತ್ತೆ," ಎಂದ ಅವನು.

"ನಿನ್ನೆ ಸಂಜೆ ಬಹಳ ಹೊತ್ತು ಕೂತು ಕೂಡಿಸಿದ್ದೀನಿ ಅಪ್ಪ," ಎಂದಳು. "ಇವತ್ತೂ ತಪ್ಪಾಗಿದ್ರೆ ಇನ್ನು ನನ್ನ ಕಿವೀನೇ ಅಂತ ಅರ್ಥ."

ಅವನು ನಗುತ್ತ ತಲೆ ಸವರಿ ಕಳಿಸಿದ.

ಮಧ್ಯಾಹ್ನ ಅವಳು ಬಂದಾಗ ಅಳುತ್ತಿರಲಿಲ್ಲ. ಚೀಲವನ್ನು ಮೇಜಿನ ಮೇಲೆ ಮಲಗಿಸಿ ದಾರ ಬಿಚ್ಚಿದಳು. ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳನ್ನು ಕಟ್ಟುವ ಮರದ ಪಟ್ಟಿ ಕಿತ್ತುಕೊಂಡು ತಂತಿಗಳ ತುದಿಯಲ್ಲಿ ಜೋತಾಡುತ್ತಿತ್ತು. ಅದರ ಜೊತೆ ಹೊಟ್ಟೆಯ ಹಲಗೆಯೂ ಉದ್ದಕ್ಕೆ ಸೀಳಿತ್ತು.

"ನುಡಿಸೋಕೆ ಶುರು ಮಾಡಿದ್ದೇ ತಡ, ಎಲ್ಲರ ಮುಂದೆ ಢಬ್ ಅಂತ ಕಿತ್ಕೊಂಡು ಬಂತು," ಎಂದಳು. "ಮಿಸ್ ಬಂದು ನೋಡಿ, ಇಷ್ಟು ಏರಿಸಿದ್ದೀಯಲ್ಲ, ನಿನಗೆ ಕೇಳಿಸಲೇ ಇಲ್ವಾ ಅಂದ್ರು. ನಾನು ಸರಿಯಾಗೇ ಕೂಡಿಸಿದ್ದೆ ಮಿಸ್ ಅಂದೆ. ಹೊಸ ತಂತಿ ಇಳಿಯುತ್ತೆ ಮಗು, ತಂತಿ ತಾನಾಗಿ ಏರುವುದಿಲ್ಲ ಅಂದ್ರು. ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

"ಆಮೇಲೆ?" ಎಂದಳು ಹೆಂಡತಿ.

"ಶಾಲೇದರಲ್ಲಿ ನುಡಿಸು ಅಂದ್ರು. ನಾನೇ ಬೇಡ ಅಂದೆ. ನನ್ನ ಕಿವಿ ಸರಿ ಇಲ್ಲ, ಜಾಗ ಅವಳಿಗೇ ಕೊಡಿ ಅಂತ ಹೇಳಿ ಬಂದೆ."

ಕುರ್ಚಿಯವನು ಗಿಟಾರನ್ನು ಬಗಲಿಗೆ ಇರುಕಿಕೊಂಡು ಮೆಟ್ಟಿಲಿನ ಕೆಳಗಿನ ಅಂಗಡಿಗೆ ಹೋದ. ಸಡಿಲ ಸಾಮಾನು ಕೊಟ್ಟು ಮಗಳ ಬಾಳು ಹಾಳು ಮಾಡಿದೆ ಎಂದು ಜಗಳವಾಡುವುದಕ್ಕೇ ಹೋದದ್ದು. ದಾರಿಯಲ್ಲಿ ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದ. ಅಂಗಡಿಯವನು ಗಿಟಾರ್ ನೋಡಿ ಇವನ ಮಾತು ಶುರುವಾಗುವ ಮೊದಲೇ ತಲೆ ಮೇಲೆ ಕೈಯಿಟ್ಟುಕೊಂಡ.

"ಏನ್ರೀ ಇದು? ಎಮ್ಮೆ ಕಟ್ಟಿದ್ರಾ ಇದಕ್ಕೆ? ಯಾರು ಹೀಗೆ ಬಿಗಿದದ್ದು?"

"ಸಡಿಲ ಇತ್ತು. ಬಿಗಿ ಮಾಡದೆ ಮತ್ತೆ?"

"ಅದು ಸಡಿಲ ಅಲ್ಲ, ಅದೇ ಅದರ ಶ್ರುತಿ. ಒಂದೊಂದು ತಂತಿಗೂ ಇಷ್ಟೇ ಬಿಗಿ ಅಂತ ಇರುತ್ತೆ. ಒಂದು ಕೂದಲು ಹೆಚ್ಚಾದ್ರೂ ಬೇರೆ ಸ್ವರ. ನಿಮ್ಮ ಮಗಳು ಕಿವಿಗೊಟ್ಟು ಕೇಳಿ ಕೂಡಿಸೋದು ಅದನ್ನೇ ಅಲ್ವಾ?"

ಕುರ್ಚಿಯವನು ಗಿಟಾರನ್ನು ಕೆಳಗಿಟ್ಟ. "ಅವಳು ಕೂಡಿಸಿಟ್ಟ ಮೇಲೆ ಯಾರಾದ್ರೂ ಬಿಗಿದ್ರೆ?"

"ಆಮೇಲೆ ಎಂಥ ಕಿವಿ ಇದ್ದು ಏನು ಬಂತು?" ಎಂದ ಅಂಗಡಿಯವನು. ಹಲಗೆಯೇ ಸೀಳಿರುವುದರಿಂದ ಇದು ರಿಪೇರಿಗೆ ಬಗ್ಗುವುದಿಲ್ಲ, ಬಿರಡೆಗಳನ್ನು ಬೇಕಾದರೆ ಯಾವುದಕ್ಕಾದರೂ ಬಳಸಬಹುದು ಎಂದೂ ಹೇಳಿದ. ಕುರ್ಚಿಯವನಿಗೆ ಅದು ಕೇಳಿಸಲಿಲ್ಲ. ದಾರಿಯಲ್ಲಿ ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತ. ದಿನಾ ಸಂಜೆ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದ ಮಗಳ ಮುಖ ಕಣ್ಣ ಮುಂದೆ ಬಂತು. ಅವನಿಗೆ ಅಳು ಬಂತು. ಅತ್ತು, ಮುಖ ಒರೆಸಿಕೊಂಡು ಮನೆಗೆ ನಡೆದ. ಹೇಳಿಬಿಟ್ಟರೆ ಆಯಿತು, ಮಗು ತನ್ನನ್ನು ಎಷ್ಟು ಬೈದರೂ ಸರಿ, ಕಿವಿಯ ಮೇಲಿನ ನಂಬಿಕೆಯಾದರೂ ಅವಳಿಗೆ ವಾಪಸ್ಸು ಸಿಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಎಲ್ಲರೂ ಊಟಕ್ಕೆ ಕೂತಿದ್ದರು. ಬೇಯಿಸಿದ ಆಲೂಗಡ್ಡೆ, ಮೊಟ್ಟೆ. ಅಜ್ಜಿಗೆ ಗಂಜಿ. ಅವನು ನಿಂತೇ ಇದ್ದ.

"ಗಿಟಾರ್ ಹಾಳು ಮಾಡಿದ್ದು ನಾನೇ," ಎಂದ.

ಯಾರೂ ತಲೆಯೆತ್ತಲಿಲ್ಲ. "ಹೂಂ," ಎಂದಳು ಹೆಂಡತಿ. "ಕೈ ತೊಳ್ಕೊಂಡು ಬನ್ನಿ, ಆರಿ ಹೋಗುತ್ತೆ."

"ತಮಾಷೆ ಅಲ್ಲ ಕಣೇ. ದಿನಾ ಬೆಳಗ್ಗೆ ಎದ್ದು ನಾನು ತಂತಿ ಬಿಗೀತಿದ್ದೆ. ಇವಳು ಸಂಜೆ ಸರಿ ಮಾಡಿಟ್ಟಿದ್ದನ್ನ ನಾನು ಬೆಳಗ್ಗೆ ಕೆಡಿಸ್ತಿದ್ದೆ. ಮಗಳೇ, ನಿನ್ನ ಕಿವಿ ಸರಿಯಾಗಿದೆ. ನೀನು ಒಂದು ದಿನವೂ ತಪ್ಪಿಲ್ಲ."

ಹುಡುಗಿ ತಟ್ಟೆಯಿಂದ ಕಣ್ಣೆತ್ತಿ ಅವನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಅಪ್ಪ, ಲೆಕ್ಕದಲ್ಲಿ ಫೇಲಾದಾಗಲೂ ನೀನು ಹೀಗೇ ಹೇಳಿದ್ದೆ."

"ಅದು ಸುಳ್ಳು. ಇದು ನಿಜ."

"ಆವಾಗಲೂ ನಿಜ ಅಂತಾನೇ ಹೇಳಿದ್ದೆ."

"ಅಂಗಡಿಯವನು ಏನೋ ಹೇಳಿರ್ತಾನೆ," ಎಂದಳು ಹೆಂಡತಿ, ಅತ್ತೆಯ ಕಡೆ ತಿರುಗಿ. "ಅದನ್ನ ಕೇಳ್ಕೊಂಡು ಬಂದು ದಾರೀಲಿ ಕಥೆ ಕಟ್ಟಿದ್ದಾರೆ. ರೀ, ಅವಳಿಗೇನು ಇನ್ನೂ ಮೂರು ವರ್ಷವಾ? ಅವಳಿಗೂ ಅರ್ಥ ಆಗುತ್ತೆ. ಇಷ್ಟು ದಿನ ಬಿಗಿದಿದ್ರೆ ನನಗೊಂದು ದಿನವಾದ್ರೂ ಸದ್ದು ಕೇಳಿಸ್ತಿರಲಿಲ್ವಾ?"

"ಸದ್ದಾಗಬಾರದು ಅಂತ ಅಂಗೈ ಅಡ್ಡ ಇಡ್ತಿದ್ದೆ! ಒದ್ದೆ ಬಟ್ಟೆ ಸುತ್ತಿದ್ದೆ!" ಅವನು ಧ್ವನಿಯೇರಿಸಿದ. ಆ ಮನೆಯಲ್ಲಿ ಅವನ ಧ್ವನಿ ಏರಿದ್ದೇ ಅಪರೂಪ. ಅಜ್ಜಿಗೆ ಮಗನ ಸಂಕಟ ನೋಡಲಾಗಲಿಲ್ಲ. ಗಂಜಿಯ ಬಟ್ಟಲು ಪಕ್ಕಕ್ಕಿಟ್ಟು, "ಅವನು ಹೇಳೋದು ನಿಜ ಕಣೇ. ನಾನೇ ಕಣ್ಣಾರೆ ನೋಡಿದ್ದೀನಿ," ಎಂದಳು.

"ಅತ್ತೆ, ಅವರು ನೀರು ಹಿಡಿಯೋ ಹೊತ್ತಿಗೆ ನಿಮ್ಮ ಗೊರಕೆಗೆ ಗೋಡೆ ಅದುರುತ್ತಿರುತ್ತೆ."

ಅದು ಸತ್ಯವೇ. ಅಜ್ಜಿ ಏನನ್ನೂ ನೋಡಿರಲಿಲ್ಲ, ಮಗನ ಮೇಲಿನ ಮಮತೆಗೆ ಒಂದು ಸುಳ್ಳು ಸೇರಿಸಿದ್ದಳು. ಅವಳ ಆ ಸುಳ್ಳಿನ ಜೊತೆಗೆ ಅವನ ನಿಜವೂ ಮುಳುಗಿಹೋಯಿತು.

ಹುಡುಗಿ ಎದ್ದು ಬಂದು ಅವನ ಕೈ ಹಿಡಿದು ಕೂರಿಸಿದಳು. ತಟ್ಟೆಗೆ ತನ್ನ ಪಾಲಿನ ಮೊಟ್ಟೆಯನ್ನು ಹಾಕಿದಳು. "ಇರಲಿ ಬಿಡಪ್ಪ. ಎಲ್ಲರಿಗೂ ಎಲ್ಲ ಬರಬೇಕು ಅಂತೇನಿಲ್ಲ. ನೀನು ಊಟ ಮಾಡು," ಎಂದಳು. ಅವನು ಆ ಮೊಟ್ಟೆಯನ್ನು ತಿನ್ನಲಾರದೆ ತಿಂದ.

ಸೋಮವಾರ ಅವನು ಶಾಲೆಗೆ ಹೋದ. ಮಿಸ್ ಅವನನ್ನು ಕೂರಿಸಿ, ಅವನು ಹೇಳಿದ್ದನ್ನೆಲ್ಲ ಸಮಾಧಾನವಾಗಿ ಕೇಳಿದರು. ಬಿರಡೆಗೆ ಒದ್ದೆ ಬಟ್ಟೆ ಸುತ್ತಿದ್ದು ಹೇಗೆಂದು ಅವನು ಗಾಳಿಯಲ್ಲೇ ಕೈ ತಿರುಗಿಸಿ ತೋರಿಸಿದ. ಅವರ ಕಣ್ಣು ತೇವವಾಯಿತು.

"ನಿಮ್ಮ ವಿಷಯ ಅವಳು ಯಾವಾಗ್ಲೂ ಹೇಳ್ತಾಳೆ," ಎಂದರು. "ಮನೇಲಿ ಯಾರು ಏನು ಮಾಡಿದ್ರೂ ನಮ್ಮಪ್ಪ ತನ್ನ ಮೇಲೆ ಹಾಕ್ಕೋತಾರೆ ಮಿಸ್ ಅಂತ. ಅವಳು ಪುಣ್ಯ ಮಾಡಿದ್ದಾಳೆ. ಆದರೆ ಜಾಗ ಆಗಲೇ ಆ ಇನ್ನೊಬ್ಬ ಹುಡುಗಿಗೆ ಕೊಟ್ಟಾಯ್ತಲ್ಲ."

ಅವನು ಕೈಮುಗಿದು ಎದ್ದು ಬಂದ. ಇನ್ನು ಹೇಳುವುದಕ್ಕೆ ಯಾರೂ ಉಳಿದಿರಲಿಲ್ಲ.

ಒಡೆದ ಗಿಟಾರ್ ಅಟ್ಟ ಸೇರಿತು. ಉಕ್ಕಿನ ಕಡ್ಡಿಯನ್ನು ಹುಡುಗಿ ಮಿಸ್‌ಗೆ ವಾಪಸ್ಸು ಕೊಟ್ಟಳು. ಡಬ್ಬಿಯಲ್ಲಿ ಮತ್ತೆ ಚಿಲ್ಲರೆ ಬೀಳತೊಡಗಿತು, ಆದರೆ ಅದು ಯಾತಕ್ಕೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೆಂಡತಿ ಎರಡು ಪಾತ್ರೆ ಬೇಯಿಸುವುದನ್ನು ಮುಂದುವರಿಸಿದಳು. ಅಜ್ಜಿ ತನ್ನದನ್ನು ತಾನೇ ತೊಳೆಯುತ್ತೇನೆಂದು ಹೇಳಿದ್ದನ್ನು ಮರೆತಿದ್ದಳು, ಅದನ್ನು ನೆನಪಿಸಿ ಇಬ್ಬರೂ ಒಮ್ಮೆ ಚೆನ್ನಾಗಿ ಜಗಳವಾಡಿದರು. ಕುರ್ಚಿಯವನು ನಡುವೆ ಬರಲಿಲ್ಲ. ಅನ್ನ ಆರಿತು. ಅವನು ಈಗ ನಲ್ಲಿ ತೊಟ್ಟಿಕ್ಕಿದರೂ ಮುಟ್ಟುತ್ತಿರಲಿಲ್ಲ.

ಕೆಲವು ವಾರಗಳ ಮೇಲೆ ಲೈಬ್ರರಿಯವರ ಕುರ್ಚಿಗಳು ಬಂದವು. ಒಂದು ಸಂಜೆ ಅವನು ಜಗಲಿಯಲ್ಲಿ ಕೂತು ಚೌಕಟ್ಟಿನ ಉದ್ದಕ್ಕೆ ಹಸಿರು ವೈರು ಎಳೆದು ಕಟ್ಟಿ ಮುಗಿಸಿದ್ದ. ಹುಡುಗಿ ಒಳಗೆ, ಬಾಗಿಲಿಗೆ ಬೆನ್ನು ಮಾಡಿ, ಅಜ್ಜಿಯ ಜೊತೆ ಬಟಾಣಿ ಬಿಡಿಸುತ್ತಿದ್ದಳು. ಅವನು ಅಭ್ಯಾಸದಂತೆ ಎಳೆಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಮೀಟುತ್ತ ಹೋದ. ಟುಂಯ್, ಟುಂಯ್, ಟುಂಯ್. ಎಲ್ಲವೂ ಬೆರಳಿಗೆ ಒಂದೇ ಬಿಗಿಯಾಗಿ ಸಿಕ್ಕವು. ಸರಿಯಾಗಿದೆ ಎಂದು ಅಡ್ಡ ಹೆಣಿಗೆಗೆ ವೈರು ಕತ್ತರಿಸಲು ಕೈ ಹಾಕಿದ.

"ಕೊನೆಯಿಂದ ಮೂರನೇದು ಇಳಿದಿದೆ," ಎಂದಳು ಹುಡುಗಿ, ತಿರುಗಿಯೂ ನೋಡದೆ.

ಅವನು ಮತ್ತೆ ಮೂರನೆಯ ಎಳೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದ. ಏನೂ ವ್ಯತ್ಯಾಸ ಕಾಣಲಿಲ್ಲ. ಇಷ್ಟು ವರ್ಷ ಕುರ್ಚಿ ಹೆಣೆದ ಹೆಬ್ಬೆರಳು ಅದು. ಕುರ್ಚಿಯನ್ನು ಮಗುಚಿ ಕೆಳಗೆ ನೋಡಿದ. ಆ ಎಳೆಯ ಗಂಟು ಮೊಳೆಯಿಂದ ಎಳ್ಳುಕಾಳಿನಷ್ಟು ಜಾರಿತ್ತು.

ಅವನು ಕುರ್ಚಿಯನ್ನು ಎತ್ತಿಕೊಂಡೇ ಒಳಗೆ ಓಡಿದ. ಬಟಾಣಿಯ ಬುಟ್ಟಿಗೆ ಕಾಲು ತಾಗಿ ಕಾಳುಗಳೆಲ್ಲ ಚೆಲ್ಲಿದವು. "ನೋಡು! ನೋಡಿದ್ಯಾ?" ಎಂದು ಕೂಗಿದ. "ನನ್ನ ಬೆರಳಿಗೇ ಸಿಗಲಿಲ್ಲ, ನಿನಗೆ ಅಲ್ಲಿಂದ ಕೇಳಿಸ್ತಲ್ಲ! ನಿನ್ನ ಕಿವಿ ಸರಿಯಾಗಿದೆ ಅಂತ ನಾನು ಹೇಳಲಿಲ್ವಾ? ಹೇಳಲಿಲ್ವಾ ನಾನು?"

ಹುಡುಗಿ ಅವನ ಮುಖವನ್ನೂ, ಅವನ ಎದೆಗೊರಗಿದ್ದ ನಾಲ್ಕು ಕಾಲಿನ ಚೌಕಟ್ಟನ್ನೂ ಸ್ವಲ್ಪ ಹೊತ್ತು ನೋಡಿದಳು. ಚಿಕ್ಕ ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು.

"ಅಪ್ಪ, ಅದು ಕುರ್ಚಿ."

ಆಮೇಲೆ ಬಗ್ಗಿ ಚೆಲ್ಲಿದ ಬಟಾಣಿ ಆರಿಸತೊಡಗಿದಳು.